ಹೊರಗೆ ಇದ್ದಿಲು, ಒಳಗೆ ಹಸಿ

ಕ್ಯಾಂಪ್‌ಫೈರ್ ಸುತ್ತ ಕೂತವರೆಲ್ಲ ಬೆಂಕಿಯ ವಿಷಯದಲ್ಲಿ ಪಂಡಿತರೇ. ಒಬ್ಬ ಊದುತ್ತಾನೆ, ಇನ್ನೊಬ್ಬ ಊದಬೇಡ ಅನ್ನುತ್ತಾನೆ, ಇವರಿಬ್ಬರ ಜಗಳ ನಡೆಯುತ್ತಿರುವಾಗ ಮೂರನೆಯವನು ಸುಮ್ನೆ ಇನ್ನೊಂದು ಕೊರಡು ತಂದು ಹಾಕುತ್ತಾನೆ. ಈ ಮೂರನೆಯವನೇ ಡೇಂಜರ್. ಸಿಹಿ ಮಾಡೋಣ ಅಂತ ಕೂತವರಿಗೆ ಬೇಕಾದದ್ದು ಕೆಂಡ, ಅವನಿಗೆ ಬೇಕಾದದ್ದು ಧಗಧಗ ಉರಿಯುವ ಬೆಂಕಿ. ನಮ್ಮ ಗುಂಪಿನಲ್ಲಿ ಈ ಹುದ್ದೆ ನನ್ನ ಭಾವನದು.

ಬೇಯೋ ತನಕ ಕಾದವನಿಗೆ ಆರೋ ತನಕ ಕಾಯಲು ಆಗಲಿಲ್ಲ ಅಂತಾರಲ್ಲ, ಇಲ್ಲಿ ಬೇಯಿಸಲು ಶುರು ಮಾಡುವುದಕ್ಕೇ ಕಾಯಬೇಕು. ದಪ್ಪ ಸೌದೆ ಉರಿದು ಒಳ್ಳೆಯ ಕೆಂಡ ಆಗಲು ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಜ್ವಾಲೆಯನ್ನು ನಂಬುವ ಹಾಗಿಲ್ಲ. ಗಾಳಿ ಬಂದ ಕಡೆ ವಾಲುತ್ತದೆ, ಪೂರ್ತಿ ಉರಿಯದ ಇಂಗಾಲವನ್ನು ಮಸಿ ಮಾಡಿ ತಿನ್ನುವ ವಸ್ತುವಿಗೇ ಬಳಿಯುತ್ತದೆ. ಮೇಲೆ ತೆಳ್ಳಗೆ ಬೂದಿ ಕೂತ ಕೆಂಡ ಮಾತ್ರ ಒಂದೇ ಸಮನೆ ಶಾಖ ಕೊಡುತ್ತದೆ. ಇದನ್ನೆಲ್ಲ ಭಾವನಿಗೆ ವಿವರಿಸಿದೆ. ತಲೆ ಆಡಿಸಿ ಕೇಳಿದರು. ಕೇಳುತ್ತಾ ಕೇಳುತ್ತಾ ಒಂದು ಕೊರಡು ಹಾಕಿದರು.

ಮೊದಲ ಬಲಿ ಮಾರ್ಷ್‌ಮ್ಯಾಲೋ, ಕಡ್ಡಿಗೆ ಚುಚ್ಚಿ ಸುಡುವ ಮೆತ್ತನೆಯ ಮಿಠಾಯಿ. ನೋಡಲು ಮುಗ್ಧ. ಅದರಲ್ಲಿ ಇರುವುದು ಸಕ್ಕರೆ ಪಾಕ, ಅದನ್ನು ಹಿಡಿದು ನಿಲ್ಲಿಸುವ ಒಂದಿಷ್ಟು ಜೆಲಾಟಿನ್ ಅನ್ನುವ ಅಂಟು, ಮಿಕ್ಕಿದ್ದು ಗಾಳಿ. ತೊಂದರೆ ಶುರುವಾಗುವುದೇ ಅಲ್ಲಿ. ಜೆಲಾಟಿನ್ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಅಂದರೆ ನಮ್ಮ ಮೈ ಬಿಸಿಯೇ ಸಾಕು. ಸಕ್ಕರೆ ಕ್ಯಾರಮೆಲ್ ಆಗಬೇಕಾದರೆ ಸುಮಾರು 160 ಡಿಗ್ರಿ ಬೇಕು. ಹೊರಗೆ ಹೊಂಬಣ್ಣ ಬರಲಿ ಅಂತ ಕಾಯುವಷ್ಟರಲ್ಲಿ ಒಳಗಿನದು ನೀರಾಗಿ, ಕಡ್ಡಿ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಕಡ್ಡಿಯನ್ನು ನಿಧಾನವಾಗಿ ತಿರುಗಿಸುತ್ತಿದ್ದರೆ ಮೊದಲು ಅದರ ಮೈ ಬಿಗಿಯುತ್ತದೆ, ಆಮೇಲೆ ಒಳಗಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ, ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದು ಅದರ ತುದಿ ಕಂದು ಆಗುತ್ತದೆ. ಆಹಾ, ಆಯ್ತು, ಇನ್ನೊಂದೇ ಸುತ್ತು ಅನ್ನುವಾಗ ಇಡೀ ಉಂಡೆ ಕಡ್ಡಿಯಿಂದ ಜಾರಿ ಬೂದಿಗೆ ಬೀಳುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಭಾವನ ಉಂಡೆ ಬೀಳಲಿಲ್ಲ, ಹೊತ್ತಿಕೊಂಡಿತು. ಅವರು ಅದನ್ನು ಎತ್ತಿ ಹಿಡಿದು, ದೀವಟಿಗೆ ಹಿಡಿದ ಸೇವಕನ ಹಾಗೆ ಗಾಂಭೀರ್ಯದಿಂದ ನಿಂತರು. ಊದಿ ಅಂತ ಎಲ್ಲರೂ ಕೂಗಿದೆವು. ಅವರು ಊದಲಿಲ್ಲ, ಬೀಸಿದರು. ಉರಿಯುವ ಸಕ್ಕರೆಯನ್ನು ಬೀಸಬಾರದು ಕಣ್ರೀ! ಬಿಸಿ ಪಾಕ ಚರ್ಮಕ್ಕೆ ತಾಗಿದರೆ ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ನಮ್ಮ ಪುಣ್ಯಕ್ಕೆ ಅದು ಯಾರ ಮೈಗೂ ಬೀಳಲಿಲ್ಲ, ಅಕ್ಕನ ಹೊಸ ಶಾಲಿಗೆ ಬಿತ್ತು. ಪುಣ್ಯ ಅಂದದ್ದು ನಾನು. ಅಕ್ಕನ ಅಭಿಪ್ರಾಯ ಬೇರೆ ಇತ್ತು.

ಆಮೇಲೆ ಸ್ಮೋರ್. ಎರಡು ಬಿಸ್ಕತ್ತಿನ ನಡುವೆ ಚಾಕಲೇಟು, ಅದರ ಮೇಲೆ ಸುಟ್ಟ ಮಾರ್ಷ್‌ಮ್ಯಾಲೋ, ಅಷ್ಟೇ. ಅಮೆರಿಕದ ಗರ್ಲ್ ಸ್ಕೌಟ್‌ಗಳ 1927ರ ಕೈಪಿಡಿಯಲ್ಲೇ ಇದನ್ನು ಮಾಡುವ ವಿಧಾನ ಇದೆ. ಅಂದಿನಿಂದ ಮಕ್ಕಳು ಮಾಡಿಕೊಂಡು ಬಂದದ್ದು ನಮಗೆ ಆಗಲ್ವಾ? ಆಗಲಿಲ್ಲ. ಚಾಕಲೇಟು ಬಾಯಲ್ಲಿ ಇಟ್ಟರೆ ಕರಗುತ್ತದೆ, ಅದಕ್ಕೆ 34 ಡಿಗ್ರಿ ಸಾಕು. ಆದರೆ ಚಳಿಯಲ್ಲಿ ಚೀಲದಿಂದ ತೆಗೆದ ಚಾಕಲೇಟು ಹಲ್ಲಿಗೂ ಜಗ್ಗುವುದಿಲ್ಲ. ಬರೀ ಗಾಳಿ ತುಂಬಿದ ಉಂಡೆಯ ಬಿಸಿ ಅದನ್ನು ಏನು ಮಾಡೀತು? ಒಂದು ಕಚ್ಚಿಗೆ ಬಿಸ್ಕತ್ತು ಪುಡಿಯಾಗಿ ಮಡಿಲಿಗೆ, ಮಾರ್ಷ್‌ಮ್ಯಾಲೋ ಗಲ್ಲಕ್ಕೆ, ಗಟ್ಟಿ ಚಾಕಲೇಟು ಮಾತ್ರ ಬಾಯಿಗೆ. ಬಿಸ್ಕತ್ತಿನ ಮೇಲೆ ಚಾಕಲೇಟು ಇಟ್ಟು ಮೊದಲೇ ಬೆಂಕಿಯ ಪಕ್ಕದ ಕಲ್ಲಿನ ಮೇಲೆ ಬೆಚ್ಚಗೆ ಮಾಡಿಕೊಂಡರೆ ಸರಿಹೋಗುತ್ತದೆ. ಆ ಕಲ್ಲು ಮಾತ್ರ ಒಣಗಿದ್ದಿರಬೇಕು. ಹೊಳೆಯಿಂದ ಎತ್ತಿ ತಂದದ್ದಾದರೆ ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಅದು ತಮಾಷೆಯ ಮಾತಲ್ಲ.

ಹೊಗೆಯ ಬಗ್ಗೆ ಏನೂ ಹೇಳುವುದಿಲ್ಲ. ನಾನು ಎಲ್ಲಿ ಕೂತರೂ ಅದು ಅಲ್ಲಿಗೇ ಬರುತ್ತದೆ.

ಇಷ್ಟರಲ್ಲಿ ನೆಟ್ಟಗಾದದ್ದು ಬಾಳೆಹಣ್ಣು ಒಂದೇ. ಸಿಪ್ಪೆ ತೆಗೆಯದೆ ಉದ್ದಕ್ಕೆ ಸೀಳಿ, ಚಾಕಲೇಟು ಚೂರು ತುಂಬಿ, ಫಾಯಿಲ್‌ನಲ್ಲಿ ಸುತ್ತಿ ಕೆಂಡದ ಅಂಚಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಚಮಚದಿಂದ ತಿನ್ನುವ ಹಾಗಾಗುತ್ತದೆ. ಸಿಪ್ಪೆ ಕಪ್ಪಾದರೂ ಒಳಗಿನದಕ್ಕೆ ಏನೂ ಆಗುವುದಿಲ್ಲ, ಸುಡುವುದನ್ನೆಲ್ಲ ಅದೇ ಸುಟ್ಟುಕೊಳ್ಳುತ್ತದೆ. ಭಾವನನ್ನು ಸೌದೆಯಿಂದ ದೂರ ಇಡಲು ಚೂರು ತುಂಬುವ ಕೆಲಸ ಅವರಿಗೇ ಕೊಟ್ಟೆವು. ಬಾಳೆಹಣ್ಣಿಗಿಂತ ಜಾಸ್ತಿ ಚಾಕಲೇಟು ಅವರ ಹೊಟ್ಟೆ ಸೇರಿತು. ಪರವಾಗಿಲ್ಲ, ಕೆಂಡ ಉಳಿಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಿತ್ತಳೆ ಹಣ್ಣಿನ ತಿರುಳು ತೆಗೆದು, ಬುರುಡೆಗೆ ಕೇಕಿನ ಹಿಟ್ಟು ಹೊಯ್ದು, ಫಾಯಿಲ್ ಸುತ್ತಿ ಕೆಂಡದಲ್ಲಿ ಹೂಳುವುದು ಅಂತ ಅಕ್ಕ ಎಲ್ಲೋ ಓದಿದ್ದಳು. ಬುರುಡೆಗೆ ಮುಕ್ಕಾಲು ಭಾಗ ಮಾತ್ರ ತುಂಬಬೇಕು, ನಾವು ಕಂಠಮಟ್ಟ ತುಂಬಿದೆವು. ಹಿಟ್ಟು ಉಬ್ಬಿ ಫಾಯಿಲ್ ಸಂದಿಯಿಂದ ಹೊರಬಂದು ಸೀದು ಕರಕಲಾಯಿತು. ಬಿಚ್ಚಿ ನೋಡಿದರೆ ಅಂಚಿನಲ್ಲಿ ಇದ್ದಿಲು, ಅದರ ಒಳಗೆ ಬೆರಳಗಲ ಕೇಕು, ನಡುವೆ ಹಸಿ ಹಿಟ್ಟು. ಘಮ ಮಾತ್ರ ಅದ್ಭುತವಾಗಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ಹೀಗೇ ಇರಬೇಕು, ಇದಕ್ಕೆ ಲಾವಾ ಕೇಕ್ ಅಂತಾರೆ ಅಂತ ಭಾವ ಘೋಷಿಸಿದರು. ಘೋಷಿಸಿ, ತಮ್ಮ ಪಾಲಿನದನ್ನೂ ನನ್ನ ತಟ್ಟೆಗೇ ಹಾಕಿದರು.