ನಾಲ್ಕು ಹೂವು, ಎರಡು ಕಿವಿ

ಬೆಂಗಳೂರಿನ ಉಪನಗರ ರೈಲಿಗೆ ಇನ್ನೂ ಬೋಗಿ ಬಂದಿಲ್ಲ, ಹೆಸರು ಬಂದಿದೆ. ಒಂದಲ್ಲ, ನಾಲ್ಕು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಆಡಿಕೊಳ್ಳಬೇಡಿ. ಬಸಿರಿನ ಸುದ್ದಿ ಬಂದದ್ದೇ 1983ರಲ್ಲಿ; ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದ, ಕಪಿಲ್ ದೇವ್ ವಿಶ್ವಕಪ್ ಎತ್ತಿದ ವರ್ಷ. ಕೇಂದ್ರ ಸಂಪುಟ ಹೂಂ ಅಂದದ್ದು 2020ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಪುರಸೊತ್ತು ಸಿಕ್ಕರೆ ಯಾರಾದರೂ ನಾಲ್ಕು ಕುಲಾವಿ ಹೊಲಿಯುತ್ತಾರೆ.

ಹೂ ಹಂಚುವಾಗ ನಮ್ಮ ಯಲಹಂಕಕ್ಕೆ ಅನ್ಯಾಯವಾಗಿಲ್ಲ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗುವ ಸಂಪಿಗೆ ನಮ್ಮೂರ ಮೇಲೆ, ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕವೂ ನಮ್ಮೂರ ಮೇಲೆ. ಒಂದೊಂದು ಕಿವಿಗೆ ಒಂದೊಂದು. ಉಳಿದ ಎಷ್ಟೋ ಬಡಾವಣೆಯವರು ಒಂದೇ ಕಿವಿಯಲ್ಲಿ ತೃಪ್ತಿಪಟ್ಟುಕೊಳ್ಳಬೇಕು.

ಸೋಜಿಗವೆಂದರೆ, ತರುತ್ತೇವೆ ತರುತ್ತೇವೆ ಅನ್ನುತ್ತಿರುವ ಈ ರೈಲು ನಮ್ಮಲ್ಲಿ ಆಗಲೇ ಇತ್ತು. 1915ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಯಶವಂತಪುರದಿಂದ ಹೊರಟ ಲೈಟ್ ರೈಲ್ವೆ ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ನಂದಿ ದಾಟಿ ಚಿಕ್ಕಬಳ್ಳಾಪುರ ಸೇರುತ್ತಿತ್ತು. ಎರಡೂವರೆ ಅಡಿಯ ನ್ಯಾರೋಗೇಜ್. ನಮ್ಮ ಈಗಿನ ಎಷ್ಟೋ ಫುಟ್‌ಪಾತಿಗಿಂತ ಅಗಲವೇ ಅನ್ನಿ. ಆಮೇಲೆ ಅದೇ ದಾರಿ ಬ್ರಾಡ್‌ಗೇಜ್ ಆಯಿತು. ಇವತ್ತಿಗೂ ಹಳಿ ಇದೆ, ಅದರ ಮೇಲೆ ಕರೆಂಟ್ ತಂತಿಯೂ ಇದೆ. ಮುತ್ತಾತನ ಕಾಲದಲ್ಲಿ ಹೋಗಿಬರುತ್ತಿದ್ದ ಊರಿಗೆ ಮರಿಮೊಮ್ಮಗನನ್ನು ಕಳಿಸಲು ಈಗ ಸಮಗ್ರ ಯೋಜನಾ ವರದಿ (ಡಿಪಿಆರ್) ಬೇಕು, ಅದರ ಪರಿಷ್ಕರಣೆ ಬೇಕು, ಪರಿಷ್ಕರಣೆಯ ಪರಿಶೀಲನೆ ಬೇಕು.

ಇನ್ನೂ ಹಿಂದಕ್ಕೆ ಹೋದರೆ 1864. ಜೋಲಾರಪೇಟೆಯಿಂದ ದಂಡಿಗೆ, ಅಂದರೆ ಬೆಂಗಳೂರು ಕಂಟೋನ್ಮೆಂಟಿಗೆ, ರೈಲು ಬಂದ ವರ್ಷ. ಆ ದಾರಿ ಸುಮಾರು 140 ಕಿ.ಮೀ.; ಈಗಿನ ಉಪನಗರ ರೈಲಿನ ಇಡೀ ಜಾಲ 148 ಕಿ.ಮೀ. ಆಗಿನವರ ಹತ್ತಿರ ಜೆಸಿಬಿ ಇರಲಿಲ್ಲ, ಡಿಪಿಆರ್ ಕೂಡ ಇರಲಿಲ್ಲ. ಮೊದಲನೆಯದು ಇಲ್ಲದೆ ಬೆನ್ನು ಬಾಗಿರಬೇಕು, ಎರಡನೆಯದು ಇಲ್ಲದೆ ಕೆಲಸ ಸಾಗಿರಬೇಕು.

ನಮ್ಮ ಹಳಿಯ ಪಕ್ಕದಲ್ಲೇ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎದ್ದಿತು. ವಿಮಾನದಲ್ಲಿ ಬಂದವರು ರೈಲು ಹತ್ತಲಿ ಅಂತ ಒಂದು ಪ್ಲಾಟ್‌ಫಾರ್ಮ್ ಕಟ್ಟಿ ರೈಲು ನಿಲ್ಲಿಸುವ ಹೊತ್ತಿಗೆ 2021ರ ಜನವರಿ. ಹಳಿ ಹಾಕಬೇಕಿರಲಿಲ್ಲ, ಸುರಂಗ ಕೊರೆಯಬೇಕಿರಲಿಲ್ಲ. ಪ್ಲಾಟ್‌ಫಾರ್ಮ್ ಅಂದರೆ ನೆಲಕ್ಕಿಂತ ಒಂದಿಷ್ಟು ಎತ್ತರದ ನೆಲ, ಅಷ್ಟೇ. ಈಗ ಅಲ್ಲಿ ಹಾಲ್ಟ್ ಇದೆ, ಅಲ್ಲಿಂದ ಟರ್ಮಿನಲ್‌ಗೆ ಬಸ್ಸೂ ಇದೆ. ಟಿಕೆಟ್ ದರ ಒಳಗೆ ಸಿಗುವ ಒಂದು ಲೋಟ ಕಾಫಿಗಿಂತ ಕಡಿಮೆ. ಇಲ್ಲದ್ದು ಒಂದೇ, ಬೇಕಾದ ಹೊತ್ತಿಗೆ ರೈಲು. ರೈಲ್ವೆಯವರನ್ನು ಕೇಳಿದರೆ, ಜನ ಹತ್ತುವುದಿಲ್ಲ, ಅದಕ್ಕೆ ಹೆಚ್ಚು ರೈಲು ಬಿಡುವುದಿಲ್ಲ ಅನ್ನುತ್ತಾರೆ. ಜನರನ್ನು ಕೇಳಿದರೆ, ರೈಲೇ ಇಲ್ಲ, ಏನನ್ನು ಹತ್ತೋಣ ಅನ್ನುತ್ತಾರೆ. ಇಬ್ಬರೂ ಸರಿ. ಈ ಮಧ್ಯೆ ಸೂಟ್‌ಕೇಸ್ ಹಿಡಿದು ಇಳಿದವನೊಬ್ಬ, ಕಂಬಿಯಾಚೆ ವಿಮಾನ ಏರುವುದನ್ನು ನೋಡುತ್ತಾ, ಅದು ತನ್ನದೇ ಇರಬಹುದೇ ಅಂತ ಲೆಕ್ಕ ಹಾಕುತ್ತಿರುತ್ತಾನೆ.

ಹಳೆಯ ನಿಲ್ದಾಣಗಳಿಗೆ ಮಾತ್ರ ಶುಕ್ರದೆಸೆ. ದೊಡ್ಡಜಾಲ, ದೇವನಹಳ್ಳಿ ಕಡೆಯ ಪಾರಂಪರಿಕ ಕಟ್ಟಡಗಳನ್ನು ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ಮುತುವರ್ಜಿಯಿಂದ ದುರಸ್ತಿ ಮಾಡಿಸಿದ್ದಾರೆ. ಕೆಲಸ ನಿಜಕ್ಕೂ ಚೆನ್ನಾಗಿದೆ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ವ್ಯಂಗ್ಯವೆಲ್ಲ ವೇಳಾಪಟ್ಟಿಯಲ್ಲಿದೆ.

2022ರ ಜೂನ್ 20ರಂದು ಕೊಮ್ಮಘಟ್ಟದಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. 40 ವರ್ಷದಲ್ಲಿ ಆಗದ್ದು 40 ತಿಂಗಳಲ್ಲಿ ಆಗುತ್ತದೆ ಅಂದರು. ಬೆರಳು ಮಡಚಿ ಎಣಿಸಿದರೆ 2025ರ ಅಕ್ಟೋಬರ್. ಆ ಅಕ್ಟೋಬರ್ ಮಾತ್ರ ಸರಿಯಾದ ಸಮಯಕ್ಕೆ ಬಂತು, ಹೋಯಿತು. ಕೆಲಸ ಮೊದಲು ಶುರುವಾದದ್ದು ಮಲ್ಲಿಗೆಯಲ್ಲಿ, ಆಮೇಲೆ ಕನಕದಲ್ಲಿ. ವಿಮಾನ ನಿಲ್ದಾಣಕ್ಕೆ ಹೋಗಬೇಕಾದ ಸಂಪಿಗೆ, ಎಲ್ಲರಿಗೂ ತುರ್ತಾಗಿ ಬೇಕಾದದ್ದು ಅನ್ನುವ ಒಂದೇ ತಪ್ಪಿಗೆ, ಸಾಲಿನಲ್ಲಿ ಹಿಂದೆ ನಿಂತಿದೆ. ‘ಚುಕು ಬುಕು ರೈಲು ಬೇಕು’ ಅಂತ ಫಲಕ ಹಿಡಿದು ನಿಂತಿದ್ದ ಜನರಿಗೆ ಸದ್ಯಕ್ಕೆ ಚುಕು ಮಂಜೂರಾಗಿದೆ, ಬುಕು ಪರಿಶೀಲನೆಯಲ್ಲಿದೆ.

ದುಡ್ಡಿಲ್ಲ ಅಂತೀರಾ? ಛೆ. 148 ಕಿ.ಮೀ. ರೈಲಿಗೆ ಒಪ್ಪಿಗೆಯಾದ ಮೊತ್ತ 15,767 ಕೋಟಿ ರೂಪಾಯಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ, ಸುಮಾರು 17 ಕಿ.ಮೀ., ಕಾರುಗಳು ನೆಲದಡಿ ಓಡಲೆಂದು ಯೋಜಿಸಿರುವ ಸುರಂಗ ರಸ್ತೆಯ ಅಂದಾಜು 17 ಸಾವಿರ ಕೋಟಿಗೂ ಮೇಲೆ. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಮಾತೂ ಈ ಚರ್ಚೆಯ ನಡುವೆ ತೂರಿಬಂತು. ಕಾರು ಕೊಂಡು ಮದುವೆಯಾದವನು ಹೆಬ್ಬಾಳ ಫ್ಲೈಓವರ್ ದಾಟಿ ಮನೆ ಸೇರುವುದು ಎಷ್ಟು ಹೊತ್ತಿಗೆ ಅಂತ ಹೆಣ್ಣಿನ ಕಡೆಯವರು ಇನ್ನೂ ಕೇಳುತ್ತಿಲ್ಲ, ಅಷ್ಟೇ.

ಉಪನಗರ ರೈಲಿನ ಹೆಸರಲ್ಲಿ ಈಗಾಗಲೇ ಪೂರ್ಣ ವೇಗದಲ್ಲಿ ಓಡುತ್ತಿರುವುದು ಸೈಟು ವ್ಯಾಪಾರ ಒಂದೇ. ದೇವನಹಳ್ಳಿ ರಸ್ತೆಯ ಲೇಔಟಿನ ಕರಪತ್ರದಲ್ಲಿ ‘ರೈಲು ನಿಲ್ದಾಣದಿಂದ ಐದೇ ನಿಮಿಷ’ ಅಂತಿತ್ತು. ನಿಲ್ದಾಣ ಎಲ್ಲಪ್ಪಾ ಅಂದೆ. ಬ್ರೋಕರ್ ಹುರುಳಿ ಹೊಲದ ಕಡೆ ಕೈ ತೋರಿಸಿದ. ರೈಲು ಯಾವಾಗ ಬರುತ್ತೆ ಅಂದೆ. ಬೇರೆ ಎಲ್ಲದಕ್ಕೂ ‘ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ರೇಟ್ ಇರಲ್ಲ’ ಅನ್ನುತ್ತಿದ್ದವನು ಇದಕ್ಕೆ ಮಾತ್ರ ತಣ್ಣಗೆ ಹೇಳಿದ: “ಅದಕ್ಕೇನ್ ಅರ್ಜೆಂಟ್ ಇಲ್ಲ ಸಾರ್, ನೀವು ಆರಾಮಾಗಿ ಲೋನ್ ತೀರಿಸ್ಕೊಳ್ಳಿ.”