ವಾರದ ಸೇವೆ ಸಾಲದು

ಚರ್ಚಿನ ಯುವಕರ ಸೇವಾ ಪ್ರವಾಸದಿಂದ ‘ಒಂದೇ ವಾರದಲ್ಲಿ ಶಾಲೆಯ ಸ್ವರೂಪವೇ ಬದಲಾಯಿತು’ ಎಂಬ ಲೇಖನದ ಮಾತನ್ನು ನಾನು ಒಪ್ಪಲಾರೆ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾನು ಅತಿಥಿ ಶಿಕ್ಷಕಿ. ನಮ್ಮಲ್ಲಿಗೂ ಇಂಥದೇ ತಂಡ ಬಂದಿತ್ತು. ಗೋಡೆಗೆ ಬಣ್ಣ ಬಳಿದರು, ಬ್ಯಾಗು ಹಂಚಿದರು, ಹಾಡು ಕಲಿಸಿದರು. ಅವರ ಪ್ರೀತಿ ನಿಜವಾದದ್ದು. ಹೊರಡುವಾಗ ಕೆಲವರು ಅತ್ತೇಬಿಟ್ಟರು. ಆದರೆ ಹತ್ತಿ ಬಿಡಿಸುವ ಕಾಲ ಬಂದಾಗ ಆರನೆಯ ತರಗತಿಯಲ್ಲಿ ಅರ್ಧದಷ್ಟು ಮಕ್ಕಳೇ ಇರಲಿಲ್ಲ. ತಿಂಗಳ ನಂತರ ಮರಳಿದ ಹುಡುಗಿಯೊಬ್ಬಳ ಬೆರಳ ತುದಿಗಳು ಒಣಗಿದ ಹತ್ತಿಕಾಯಿ ತರಚಿ ಸೀಳಿದ್ದವು. ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ಹೊಸ ಬ್ಯಾಗಿನಲ್ಲಿ ಅವಳು ಹೊಲಕ್ಕೆ ಬುತ್ತಿ ಒಯ್ದಿದ್ದಳು.

2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದ್ದ ಜಿಲ್ಲೆ ನಮ್ಮದು. ಇಲ್ಲಿನ ಕೊರತೆ ಬಣ್ಣದ್ದಲ್ಲ, ಶಿಕ್ಷಕರದ್ದು, ಕೂಲಿಯದ್ದು. ನನ್ನ ತಕರಾರು ಅವರ ಧರ್ಮದ ಬಗ್ಗೆ ಖಂಡಿತ ಅಲ್ಲ. ಬೀದರ್‌ನಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಗಡದ ಮಿಷನ್‌ನವರು ಆಸ್ಪತ್ರೆ, ಶಾಲೆ ಕಟ್ಟಿ ತಲೆಮಾರುಗಟ್ಟಲೆ ಉಳಿದರು. ಅದು ಬೇರೆಯೇ ಬಗೆಯ ಸೇವೆ. ಮುಂದಿನ ಸಲ ಇಪ್ಪತ್ತು ಜನ ಏಳು ದಿನಕ್ಕೆ ಬರುವ ಬದಲು, ಕನ್ನಡದಲ್ಲಿ ಗಣಿತ ಕಲಿಸಬಲ್ಲ ಒಬ್ಬರನ್ನು ಜೂನ್‌ನಿಂದ ಏಪ್ರಿಲ್‌ವರೆಗೆ ಕಳುಹಿಸಲಿ. ಅವರ ಊಟ, ವಸತಿ ನಮ್ಮ ಊರಿನವರು ನೋಡಿಕೊಳ್ಳುತ್ತಾರೆ.