ಮಹಡಿ ಮೇಲಿನ ದೇವರು

ನಮ್ಮ ಚಿಕ್ಕಪ್ಪ ಮನೆ ಬಾಡಿಗೆಗೆ ಕೊಡುವ ಮೊದಲು ನಡೆಸುತ್ತಿದ್ದ ಇಂಟರ್‌ವ್ಯೂ ಮುಂದೆ ಕೆಎಎಸ್ ಪರೀಕ್ಷೆ ಏನೂ ಅಲ್ಲ. ಬ್ಯಾಚುಲರ್‌ಗಳಿಗೆ ಕೊಡಲ್ಲ, ರಾತ್ರಿ ಗಲಾಟೆ. ವಕೀಲರಿಗೆ ಕೊಡಲ್ಲ, ಖಾಲಿ ಮಾಡಿ ಅಂದರೆ ಕೋರ್ಟಿಗೆ ಹೋಗ್ತಾರೆ. ಪೊಲೀಸರಿಗೆ ಕೊಡಲ್ಲ, ಬಾಡಿಗೆ ಕೇಳಿದರೆ ನಮ್ಮನ್ನೇ ಸ್ಟೇಷನ್ನಿಗೆ ಕರೀತಾರೆ. ಪತ್ರಿಕೆಯಲ್ಲಿ ಬರೆಯುವವರಿಗೂ ಕೊಡಲ್ಲ. ಅದು ಯಾಕೆ ಅಂತ ಕೇಳಿದರೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು.

ಹೀಗೆ ಸೋಸಿ ಸೋಸಿ ಕೊನೆಗೆ ಅವರು ಆರಿಸಿದ ಬಾಡಿಗೆದಾರ ಯಾರು ಗೊತ್ತಾ? ಸರ್ಕಾರ.

ಹೈಸ್ಕೂಲ್ ಗಣಿತದ ಮೇಷ್ಟ್ರಾಗಿ ರಿಟೈರ್ ಆದಾಗ ಬಂದ ದುಡ್ಡಲ್ಲಿ ತಾಲ್ಲೂಕು ಪಟ್ಟಣದ ತಮ್ಮ ಮನೆ ಮೇಲೆ ಒಂದು ಮಹಡಿ ಎಬ್ಬಿಸಿದ್ದರು. ಒಂದು ಇಲಾಖೆಯ ಕಚೇರಿಗೆ ಜಾಗ ಬೇಕಿತ್ತು. ಇಲಾಖೆಯ ಹೆಸರು ಬೇಡ. ಬರೆದರೆ ಬಾಕಿ ಇರುವ 14 ತಿಂಗಳಿಗೆ ಇನ್ನೂ ನಾಲ್ಕು ಸೇರಿಕೊಳ್ಳುತ್ತದೆ. ಚಿಕ್ಕಪ್ಪನ ಲೆಕ್ಕವೇನೋ ಸರಿಯಾಗೇ ಇತ್ತು. "ಒಗ್ಗರಣೆ ವಾಸನೆ ಇಲ್ಲ. ಗೋಡೆ ಮೇಲೆ ಗೀಚೋ ಮಕ್ಕಳಿಲ್ಲ. ಐದೂವರೆಗೆ ಬೀಗ, ಎರಡನೇ ಶನಿವಾರ ರಜೆ. ರಾತ್ರೋರಾತ್ರಿ ಓಡಿಹೋಗೋ ಭಯ ಇಲ್ಲ. ಸರ್ಕಾರ ಎಲ್ಲಿಗೆ ಓಡತ್ತೆ ಕಣೋ?"

ನಿಜ, ಓಡಿಹೋಗಲಿಲ್ಲ. ಈಗಿನ ಕಷ್ಟವೇ ಅದು.

ಸರ್ಕಾರ ಮನೆ ಹಿಡಿದರೆ ಬಾಡಿಗೆ ಎಷ್ಟು ಅಂತ ಹೇಳುವವನು ಮನೆ ಮಾಲೀಕನಲ್ಲ, ಸರ್ಕಾರದ ಎಂಜಿನಿಯರ್. ಅವರು ಟೇಪು ಹಿಡಿದು ಬಂದರು. ಚಿಕ್ಕಪ್ಪ ಕೇಳಿದ್ದು 26,000. ಅಳತೆ ಮುಗಿಯುವ ಹೊತ್ತಿಗೆ ಅದು 18,500 ಆಗಿತ್ತು. ಮೆಟ್ಟಿಲು ಲೆಕ್ಕಕ್ಕೆ ಬರಲ್ಲವಂತೆ. "ಹಾಗಾದ್ರೆ ಇವರೇನು ಹಾರಿಕೊಂಡು ಬರ್ತಾರಾ?" ಅಂತ ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದ್ದು ಎಂಜಿನಿಯರ್ ಸಾಹೇಬರಿಗೆ ಕೇಳಿಸಲಿಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸೋಕೆ ಸಾಲ ಮಾಡುವ ಹುಡುಗರು ಗಮನಿಸಿ: ಇಲ್ಲಿ ಅಡ್ವಾನ್ಸ್ ಒಂದು ರೂಪಾಯಿಯೂ ಇಲ್ಲ. "ಪದ್ಧತಿ ಇಲ್ಲ" ಅಂದರು. ಚಿಕ್ಕಪ್ಪನೂ ಒತ್ತಾಯ ಮಾಡಲಿಲ್ಲ. ಸರ್ಕಾರದ ಹತ್ರ ಅಡ್ವಾನ್ಸ್ ಕೇಳೋದು, ದೇವರ ಹತ್ರ ಆಧಾರ್ ಕಾರ್ಡ್ ಕೇಳಿದ ಹಾಗೆ.

ಮೊದಲ ವರ್ಷ ಬಾಡಿಗೆ ಬಂತು. ಮೂರು ತಿಂಗಳದ್ದು ಒಮ್ಮೆ, ಎರಡು ತಿಂಗಳದ್ದು ಒಮ್ಮೆ, ಬಯಲುಸೀಮೆ ಮಳೆಯ ಹಾಗೆ. ಆಮೇಲೆ ನಿಂತೇ ಹೋಯಿತು.

ಚಿಕ್ಕಪ್ಪ ತಮ್ಮದೇ ಮೆಟ್ಟಿಲು ಹತ್ತಿ ಕೇಳಲು ಹೋದರು. ಬಾಗಿಲಲ್ಲಿದ್ದವನು "ಊಟದ ಟೈಮು, ಮೂರು ಗಂಟೆಗೆ ಬನ್ನಿ" ಅಂದ. ಮೂರಕ್ಕೆ ಹೋದರೆ ಸಾಹೇಬರು ಮೀಟಿಂಗ್. ಮರುದಿನ ವಿಡಿಯೋ ಕಾನ್ಫರೆನ್ಸ್. ಅದರ ಮರುದಿನ ಯಾರದೋ ಜಯಂತಿ. ಬಾಡಿಗೆ ಫೈಲು ನೋಡುವ ಗುಮಾಸ್ತ ಚಿಕ್ಕಪ್ಪನ ಹಳೆಯ ಶಿಷ್ಯನೇ. ಎದ್ದು ನಿಂತು ಕುರ್ಚಿ ಕೊಟ್ಟ, ಟೀ ತರಿಸಿ ಕೊಟ್ಟ, ಫ್ಯಾನು ಜೋರು ಮಾಡಿದ. ದುಡ್ಡೊಂದು ಬಿಟ್ಟು ಎಲ್ಲಾ ಕೊಟ್ಟ.

"ಅನುದಾನ ಬಂದಿಲ್ಲ ಮೇಷ್ಟ್ರೇ. ಕಟ್ಟಡದ ಬಾಡಿಗೆ ಹೆಡ್ಡಲ್ಲಿ ದುಡ್ಡೇ ಇಲ್ಲ."

"ಬೇರೆ ಹೆಡ್ಡಲ್ಲಿ?"

"ವಾಹನ ಬಾಡಿಗೆ ಹೆಡ್ಡಲ್ಲಿದೆ. ನಿಮ್ಮ ಮನೆಗೆ ನಾಲ್ಕು ಚಕ್ರ ಇದ್ದಿದ್ರೆ ಇವತ್ತೇ ಬಿಲ್ ಮಾಡಬಹುದಿತ್ತು."

ಅಷ್ಟು ಹೇಳಿ ಡ್ರಾಯರಿನಿಂದ ಒಂದು ಹಾಳೆ ತೆಗೆದ. ಮುಂಗಡ ರಸೀದಿ. ಇದನ್ನು ಕಾಣದ ಪುಣ್ಯವಂತರಿಗೆ ಸ್ವಲ್ಪ ವಿವರಿಸಬೇಕು. ದುಡ್ಡು ಬರುವ ಮೊದಲೇ "ಬಂತು" ಅಂತ ಬರೆದು, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಅಡ್ಡಕ್ಕೆ ಸಹಿ ಹಾಕಿ ಕೊಡಬೇಕು. ಅದಿದ್ದರೆ ಬಿಲ್ಲು ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಸುಳ್ಳು ಹೇಳಬಾರದು ಅಂತ ಜೀವಮಾನವಿಡೀ ಮಕ್ಕಳ ಕೈಗೆ ಬೆತ್ತದಲ್ಲಿ ಬಾರಿಸಿದ ಮೇಷ್ಟ್ರು, "ಮೇಲ್ಕಂಡ ಬಾಡಿಗೆ ಹಣ ಸಂದಾಯವಾಗಿದೆ" ಅಂತ ದುಂಡಗಿನ ಅಕ್ಷರದಲ್ಲಿ ತಿಂಗಳು ತಿಂಗಳೂ ಬರೆದುಕೊಟ್ಟಿದ್ದಾರೆ. ಅಂಥ ರಸೀದಿ ಈಗ 14 ಆಗಿವೆ. ಕಾಗದದ ಪ್ರಕಾರ ಸರ್ಕಾರ ಅವರಿಗೆ ಏನೂ ಕೊಡಬೇಕಿಲ್ಲ. ಈ 14 ತಿಂಗಳಲ್ಲಿ ನಿಜವಾಗಿ ಕೈಬಿಟ್ಟು ಹೋದ ದುಡ್ಡು ಅಂದರೆ ಸ್ಟಾಂಪಿನದ್ದು, ಅದೂ ಚಿಕ್ಕಪ್ಪನ ಕೈಯಿಂದ.

ಇನ್ನು ನಾವು ಕೊಡಬೇಕಾದಾಗ? ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಬಾಡಿಗೆ ಬರಲಿ, ಕಟ್ಟೋಣ ಅಂತ ಚಿಕ್ಕಪ್ಪ ಕಾದರು. ಬಾಡಿಗೆಗಿಂತ ಮೊದಲು ನೋಟಿಸು ಬಂತು. ಮೇಲಿನವರು ಕೊಟ್ಟಿಲ್ಲಪ್ಪಾ, ಅದಕ್ಕೇ ನಾನೂ ಕಟ್ಟಿಲ್ಲ ಅಂದರೆ ಪುರಸಭೆಯ ಹುಡುಗ "ಅದು ಬೇರೆ ಇಲಾಖೆ ಸಾರ್" ಅಂದ.

ಕೊನೆಗೆ ವಕೀಲರ ಮನೆಗೆ ಹೋದೆವು. ಹಿಂದೊಮ್ಮೆ ಮನೆ ಕೊಡಲ್ಲ ಅಂತ ವಾಪಸ್ ಕಳಿಸಿದ್ದ ವಕೀಲರೇ. ಫೀಸು ಸ್ವಲ್ಪ ಜಾಸ್ತಿ ಹೇಳಿದರು.

"ನಮ್ಮಂಥವರು ತಿಂಗಳ ಬಾಡಿಗೆಗಿದ್ದರೆ ಖಾಲಿ ಮಾಡಿಸೋಕೆ 15 ದಿನದ ನೋಟಿಸು ಸಾಕು ಮೇಷ್ಟ್ರೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 106ನೇ ಕಲಂ. ಆದರೆ ನಿಮ್ಮ ಮಹಡಿ ಮೇಲಿರೋದು ಸರ್ಕಾರ. ಅದರ ಮೇಲೆ ದಾವೆ ಹಾಕೋ ಮುಂಚೆ ಎರಡು ತಿಂಗಳ ನೋಟಿಸು ಕೊಡಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, 80ನೇ ಕಲಂ."

"ಎರಡು ತಿಂಗಳು ಯಾಕೆ?"

"ಸರ್ಕಾರ ಕೂತು ಯೋಚನೆ ಮಾಡಲಿ, ತಪ್ಪಿದ್ದರೆ ತಿದ್ದಿಕೊಳ್ಳಲಿ ಅಂತ."

1908ರಿಂದ ಯೋಚನೆ ನಡೆದಿದೆ.

ಸರ್ಕಾರವೇ ಮಾಲೀಕನಾಗಿದ್ದು, ಬಾಡಿಗೆದಾರ ಕೊಡದೆ ಕೂತರೆ ಏನು ಮಾಡುತ್ತಾರೆ ಅಂತಲೂ ಕೇಳಿದೆ. ಅದಕ್ಕೆ ಕರ್ನಾಟಕದಲ್ಲಿ 1974ರದ್ದೊಂದು ಬೇರೆ ಕಾಯ್ದೆಯೇ ಇದೆ. ಸಿವಿಲ್ ಕೋರ್ಟಿಗೆ ಅಲೆಯುವ ಕಾಟವಿಲ್ಲ. ಸರ್ಕಾರದ ಅಧಿಕಾರಿಯೇ ನೋಟಿಸು ಕೊಡುತ್ತಾರೆ, ಅವರೇ ವಿಚಾರಣೆ ಮಾಡುತ್ತಾರೆ, ಅವರೇ ಎಬ್ಬಿಸುತ್ತಾರೆ. ಬಾಡಿಗೆ ವಸೂಲಿ ಹೇಗೆ ಅಂತ ಗೊತ್ತಿಲ್ಲದ ಪಾಪದವರೇನಲ್ಲ.

ಮಾತಿನ ಮಧ್ಯೆ ವಕೀಲರು ಮಾದರಿ ಬಾಡಿಗೆ ಕಾಯ್ದೆಯನ್ನೂ ಎತ್ತಿದರು. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಅವಧಿ ಮುಗಿದರೂ ಜಾಗ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕಂತೆ. ಚಿಕ್ಕಪ್ಪ ಒಂದು ಕ್ಷಣ ಕಣ್ಣು ಮುಚ್ಚಿದರು. ಸೊನ್ನೆಯ ನಾಲ್ಕು ಪಟ್ಟು ಎಷ್ಟು ಅಂತ ಅವರಿಗೆ ಬೇಗ ಹೊಳೆಯಿತು.

"ಸುಮ್ನೆ ಬೀಗ ಜಡಿದುಬಿಡಿ ಚಿಕ್ಕಪ್ಪ" ಅಂದೆ ನಾನು. ಬಾಡಿಗೆ ಬಾಕಿಗೆ ಅಂಗನವಾಡಿಗೆ ಬೀಗ, ಮಕ್ಕಳು ಹೊರಗೆ, ಅಂತ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಆದರೆ ಪುಟ್ಟ ಮಕ್ಕಳು ಕೇಸು ಹಾಕಲ್ಲ, ಸಾಹೇಬರು ಹಾಕುತ್ತಾರೆ. ಸರ್ಕಾರಿ ಕೆಲಸಕ್ಕೆ ಅಡ್ಡಿ, ಭಾರತೀಯ ನ್ಯಾಯ ಸಂಹಿತೆ 221. "ಕೆಲಸ ನಡೀತಿದ್ರೆ ತಾನೇ ಅಡ್ಡಿ?" ಅಂದರು ಚಿಕ್ಕಮ್ಮ. ಕಾನೂನು ಓದದ ಹೆಂಗಸು.

ವಿಧಾನಸೌಧದ ಮೇಲೆ ಕೆತ್ತಿದೆಯಲ್ಲ, "ಸರ್ಕಾರದ ಕೆಲಸ ದೇವರ ಕೆಲಸ" ಅಂತ. ನಾವು ಅದನ್ನು ಸರಿಯಾಗಿ ಓದಿಕೊಂಡಿಲ್ಲ ಅಷ್ಟೇ. ಗರ್ಭಗುಡಿಯಲ್ಲಿ ಕೂತ ದೇವರು ಬಾಡಿಗೆ ಕೊಟ್ಟಿದ್ದನ್ನು ಯಾರಾದರೂ ಕಂಡಿದ್ದೀರಾ? ಹುಂಡಿಗೆ ಹಾಕಬೇಕಾದವರು ನಾವು.

ಹೋದ ತಿಂಗಳು ಮನೆ ಮುಂದೆ ಕೋರ್ಟಿನ ಅಮೀನರು ಬಂದು ಇಳಿದರು. ಚಿಕ್ಕಪ್ಪ ಹಿಗ್ಗಿ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಗೆ ಬಂದರು. ನೋಡಿದರೆ ಅದು ಬೇರೆ ಕೇಸು. ಯಾರೋ ರೈತರಿಗೆ ಜಮೀನಿನ ಪರಿಹಾರ ಕೊಟ್ಟಿಲ್ಲ ಅಂತ ಜಪ್ತಿ ಆದೇಶ. 22 ಕುರ್ಚಿ, 6 ಮೇಜು, 2 ಕಂಪ್ಯೂಟರು ಕೆಳಗಿಳಿದವು. ಫ್ಯಾನಿಗೂ ಕೈ ಹಾಕಿದ್ದರು. ಅದು ನಮ್ಮದು ಅಂತ ಚಿಕ್ಕಪ್ಪ ಅಂಗಡಿ ಬಿಲ್ಲು ಹುಡುಕಿ ತಂದು ತೋರಿಸಿ ಬಿಡಿಸಿಕೊಂಡರು. ಆಮೇಲೆ ಅಮೀನರು ತಲೆ ಕೆರೆದುಕೊಂಡರು. ಕೋರ್ಟಿನಲ್ಲಿ ಇಡೋಕೆ ಜಾಗವಿಲ್ಲ, ಹಿಂದಿನ ಜಪ್ತಿಯ ಕುರ್ಚಿಗಳೇ ತುಂಬಿಕೊಂಡಿವೆ. ಹತ್ತಿರದಲ್ಲಿ ಗೌರವಸ್ಥರು ಯಾರಾದರೂ ಜಿಮ್ಮೆ ತಗೊಂಡರೆ ಒಳ್ಳೇದಿತ್ತು ಅಂದರು. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಸಹಿ ಹಾಕಿದರು. ಈ ಸಲ ಸ್ಟಾಂಪ್ ಬೇಕಾಗಲಿಲ್ಲ.

ಈಗ ಕುರ್ಚಿ ಮೇಜೆಲ್ಲ ಕೆಳಗೆ ಸ್ಕೂಟರ್ ಶೆಡ್ಡಿನಲ್ಲಿವೆ. ಸ್ಕೂಟರು ಮಳೆಯಲ್ಲಿದೆ. ಮೇಲೆ ಕೂರೋಕೆ ಏನೂ ಇಲ್ಲದ್ದರಿಂದ ಸಿಬ್ಬಂದಿ ಹನ್ನೊಂದರ ಹೊತ್ತಿಗೆ ಒಬ್ಬೊಬ್ಬರಾಗಿ ಶೆಡ್ಡಿಗೆ ಇಳಿದು ಬರುತ್ತಾರೆ. ಮೊನ್ನೆ ಸಾಹೇಬರೂ ಬಂದರು, ಫೈಲು ಸಮೇತ. ಚಿಕ್ಕಮ್ಮ ಕಾಫಿ ಲೋಟಗಳನ್ನು ಜಪ್ತಿ ಮೇಜಿನ ಮೇಲಿಟ್ಟು ಗುಮಾಸ್ತನನ್ನು ಕೇಳಿದರು:

"ಏನಪ್ಪಾ, ಶೆಡ್ಡು ಅಳೆಯೋಕೆ ಎಂಜಿನಿಯರು ಯಾವಾಗ ಬರ್ತಾರೆ?"